ಬರಿಗೈಲಿ ಹೇಗೆ ಹೋಗುವುದು ಮೇಡಂ?

ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಮಗಳ ಜೀವನಾಂಶದ ವಿಷಯಕ್ಕೆ ನನ್ನ ಬಳಿ ಮಾತಾಡಲು ಬಂದ ಇಬ್ಬರು, ಕಾಸರಗೋಡಿನ ಬದಿಯಡ್ಕದ ಕಡೆಯವರು. ವಿಚ್ಛೇದನ ಆಗಿ ಮೂರು ವರ್ಷ. ಆರನೇ ಕ್ಲಾಸಿನ ಮಗಳು ತಾಯಿಯ ಜೊತೆ ಇದ್ದಾಳೆ. ಅವಳಿಗೆ ತಿಂಗಳಿಗೆ 9,000 ರೂಪಾಯಿ ಕೊಡಬೇಕೆಂದು ಕೋರ್ಟಿನ ಆದೇಶ. ಆಗ ತಂದೆ ಗಲ್ಫಿನಲ್ಲಿ ಡ್ರೈವರ್, ನಲ್ವತ್ತು ಸಾವಿರ ಬರುತ್ತಿತ್ತು. ಕೆಲಸ ಹೋಯಿತು, ವೀಸಾ ಕ್ಯಾನ್ಸಲ್ ಆಯಿತು. ಈಗ ಊರಲ್ಲಿ ಅಡಿಕೆ ಸಾಗಿಸುವ ಪಿಕಪ್ ಓಡಿಸುತ್ತಾರೆ. ಹದಿನಾರು ಸಾವಿರ ಸಿಕ್ಕರೆ ಹೆಚ್ಚು.

ಐದು ತಿಂಗಳು ಒಂದು ಪೈಸೆ ಕೊಟ್ಟಿರಲಿಲ್ಲ. ಫೋನ್ ಎತ್ತಿರಲಿಲ್ಲ. ಮಗಳನ್ನು ನೋಡಲಿಕ್ಕೂ ಹೋಗಿರಲಿಲ್ಲ. ಯಾಕೆ ಅಂತ ಕೇಳಿದೆ. "ಬರಿಗೈಲಿ ಹೇಗೆ ಹೋಗುವುದು ಮೇಡಂ?" ಅಂದರು. ಮಗಳ ತಾಯಿಗೆ ಅದು ಬೇರೆಯೇ ಕಂಡಿತ್ತು. "ದುಡ್ಡು ಅಡಗಿಸಿಟ್ಟು ಆಟ ಆಡಿಸ್ತಾರೆ" ಅಂತ ಅತ್ತರು. ನನಗೆ ಇಬ್ಬರ ಮಾತೂ ನಿಜವಾದ ನೋವೇ ಅನಿಸಿತು.

ಆದೇಶದ ಪ್ರತಿ ಇಂಗ್ಲಿಷಿನಲ್ಲಿತ್ತು. ಅದನ್ನು ಆ ತಂದೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕೆಲಸ ಹೋದರೆ ಆದೇಶವೂ ನಿಂತಿತು ಅಂತಲೇ ತಿಳಿದಿದ್ದರು. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಸಂಬಳ ಇಳಿದರೆ ಆದೇಶದ ಮೊತ್ತ ತಾನಾಗಿ ಇಳಿಯುವುದಿಲ್ಲ. ಕೋರ್ಟು ಬದಲಿಸುವವರೆಗೆ ತಿಂಗಳಿಗೆ 9,000 ಬಾಕಿ ಏರುತ್ತಲೇ ಇರುತ್ತದೆ. ಬಾಕಿಗಾಗಿ ಆಕೆ, ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು, ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ಕೋರ್ಟು ಜೈಲಿಗೂ ಕಳಿಸಬಹುದು. ಇದನ್ನು ಇಬ್ಬರೂ ಕೂತಿದ್ದಾಗಲೇ ಹೇಳಿದೆ. ಒಬ್ಬರಿಗೆ ಮಾತ್ರ ಗೊತ್ತಿದ್ದರೆ ನ್ಯಾಯ ಆಗುವುದಿಲ್ಲ ಅಲ್ವಾ.

ಅದಕ್ಕೆ ದಾರಿಯೂ ಇದೆ. ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಿಕೊಡಿ ಅಂತ ಕೇಳಬಹುದು. ಹಿಂದೆ ಸಿಆರ್‌ಪಿಸಿ ಎಂಬ ಹಳೆ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ 127ನೇ ಸೆಕ್ಷನ್ನಿನಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 146ನೇ ಸೆಕ್ಷನ್ನಿನಲ್ಲಿದೆ. ಬಾಯಿಮಾತು ಸಾಲದು. ವೀಸಾ ರದ್ದಾದ ಕಾಗದ, ಪಾಸ್‌ಪೋರ್ಟಿನ ಸೀಲು, ಬ್ಯಾಂಕ್ ಪಾಸ್‌ಬುಕ್, ಈಗ ಕೆಲಸ ಕೊಟ್ಟವರ ಪತ್ರ, ಇಷ್ಟನ್ನು ಮೊದಲು ಜೋಡಿಸಿ ಅಂದೆ. ಆಸ್ತಿ, ಸಾಲ, ಆದಾಯ ಎಲ್ಲ ತಿಳಿಸುವ ಅಫಿಡವಿಟ್ಟೂ ಬೇಕು. 2020ರಲ್ಲಿ ಸುಪ್ರೀಂ ಕೋರ್ಟು ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಅದನ್ನು ಕೊಡಬೇಕು ಅಂದಿದೆ. ತಮ್ಮನ ಜೊತೆ ಪಾಲಿಗಿದ್ದ ತೋಟವನ್ನು ಅವರು ಮೊದಲು ಹೇಳಲಿಲ್ಲ. "ಇದನ್ನೂ ಬರೆಯಿರಿ. ಆಮೇಲೆ ಹೊರಗೆ ಬಂದರೆ ನಿಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬರೆದರು.

ಅರ್ಜಿ ತೀರ್ಮಾನ ಆಗುವ ತನಕ ಕೈಲಾದಷ್ಟು ಕೊಡಿ, ಪ್ರತಿ ತಿಂಗಳು ಅದೇ ತಾರೀಕಿಗೆ, ಬ್ಯಾಂಕ್ ಮೂಲಕವೇ ಕೊಡಿ ಅಂದೆ. ನಗದು ಕೊಟ್ಟರೆ ಲೆಕ್ಕ ಇರುವುದಿಲ್ಲ. ಮಗಳನ್ನು ನೋಡಲಿಕ್ಕೆ ಮಾತ್ರ ದುಡ್ಡಿಗೆ ಕಾಯಬೇಡಿ ಅಂತ ಒತ್ತಿ ಹೇಳಿದೆ.

ಆಕೆ ಮಗಳ ಖರ್ಚನ್ನು ಪುಸ್ತಕದಲ್ಲಿ ಬರೆದು ತಂದಿದ್ದರು. ಶಾಲೆಯ ವ್ಯಾನು, ಟ್ಯೂಷನ್, ಹೊಸ ಕನ್ನಡಕ. ಅದನ್ನು ಓದಿ ತಂದೆಯ ಮುಖ ಬಾಡಿತು. ಸದ್ಯಕ್ಕೆ 5,000, ಹಳೆ ಬಾಕಿಗೆ ತಿಂಗಳಿಗೆ 1,000, ಆದಾಯ ಏರಿದರೆ ಮತ್ತೆ ಮಾತಿಗೆ ಕೂರುವುದು ಅಂತ ಇಬ್ಬರೂ ಒಪ್ಪಿದರು. ಕೋರ್ಟಿನಲ್ಲಿ ದಾಖಲಾಗದೆ ಇದಕ್ಕೆ ಬೆಲೆ ಇಲ್ಲ ಅಂತ ಹೇಳಿ, ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ.

ಆ ಭಾನುವಾರ ಅವರು ಮಗಳನ್ನು ನೋಡಲಿಕ್ಕೆ ಹೋದರು. ಬರಿಗೈಲೇ.