ಅರ್ಧ ಬೆಲೆಗೆ ಬೆಂಜ್ ಸಿಕ್ಕರೆ ಕೊಳ್ಳಬಹುದೇ?

ಪ್ರಶ್ನೆ: ನಾವು ದಾವಣಗೆರೆಯವರು, ಅಕ್ಕಿ ವ್ಯಾಪಾರ ನಮ್ಮದು. ಅಪ್ಪನಿಗೆ ಎಪ್ಪತ್ತು ತುಂಬುವುದರೊಳಗೆ ಮನೆಗೊಂದು ಬೆಂಜ್ ತರಬೇಕೆಂಬ ಆಸೆ. ಬೆಂಗಳೂರಿನಲ್ಲಿ 2018ರ ಡೀಸೆಲ್ ಕಾರು ಇ 220ಡಿ ನೋಡಿದ್ದೇವೆ. ಕಂಪನಿಯೊಂದರ ಹೆಸರಿನಲ್ಲಿದೆ, 64 ಸಾವಿರ ಕಿ.ಮೀ. ಓಡಿದೆ. 28 ಲಕ್ಷ ಹೇಳುತ್ತಿದ್ದಾರೆ. ‘ಹೊಸದರಲ್ಲಿ ಇದಕ್ಕೆ ಎರಡರಷ್ಟು ಬೆಲೆ ಇತ್ತು, ಅರ್ಧಕ್ಕೆ ಸಿಗುತ್ತಿದೆ’ ಎಂದು ದಲ್ಲಾಳಿ ಅವಸರ ಮಾಡುತ್ತಿದ್ದಾರೆ. ಎಷ್ಟಕ್ಕೆ ಕೇಳಬಹುದು?

ಉತ್ತರ: ಮೊದಲು ಆ ‘ಅರ್ಧ ಬೆಲೆ’ ಎಂಬ ಮಾತನ್ನು ಪಕ್ಕಕ್ಕಿಡಿ. ಕಾರು ಹೊಸದಾಗಿದ್ದಾಗ ಎಷ್ಟಿತ್ತು ಎಂಬುದು ಮೊದಲ ಮಾಲೀಕರ ಲೆಕ್ಕ. ಅವರು ಕೊಟ್ಟ ಹಣ ಅವರ ಕಾಲಕ್ಕೇ ಕರಗಿಹೋಯಿತು. ಆದರೆ ಬಿಡಿಭಾಗದ ಬೆಲೆ ಕರಗಿಲ್ಲ. ನೀವು 25 ಲಕ್ಷ ಕೊಟ್ಟು ತಂದರೂ ಅದಕ್ಕೆ ಬೇಕಾಗುವ ಬ್ರೇಕ್ ಡಿಸ್ಕ್, ಹೆಡ್‌ಲ್ಯಾಂಪ್, ಸೆನ್ಸರ್ ಎಲ್ಲವೂ ಅರವತ್ತು ಲಕ್ಷದ ಕಾರಿನವು. ಆದ್ದರಿಂದ ಇಂಥ ಕಾರಿನ ಬೆಲೆ ಕಟ್ಟುವಾಗ ಹಿಂದಕ್ಕೆ ನೋಡಬೇಡಿ. ಮುಂದಿನ ಮೂರು ವರ್ಷ ಅದು ನಿಮ್ಮಿಂದ ಎಷ್ಟು ಖರ್ಚು ಮಾಡಿಸುತ್ತದೆ ಎಂಬುದನ್ನು ನೋಡಿ. ಇಪ್ಪತ್ತು ವರ್ಷಗಳಿಂದ ಹಳೆಯ ಕಾರುಗಳನ್ನು ಪರೀಕ್ಷಿಸಿ ಬೆಲೆ ಹೇಳುವ ಕೆಲಸ ಮಾಡುತ್ತಿದ್ದೇನೆ. ಮೋಸ ಹೋದವರಿಗಿಂತ ಈ ಒಂದು ಲೆಕ್ಕ ಹಾಕದೆ ಕಷ್ಟಕ್ಕೆ ಬಿದ್ದವರನ್ನೇ ನಾನು ಹೆಚ್ಚು ನೋಡಿದ್ದೇನೆ.

ನಿಮ್ಮ ಕಾರಿನ ವಿಷಯಕ್ಕೆ ಬರೋಣ. ಉದ್ದನೆಯ ಮೈಯ ಈ ಇ ಕ್ಲಾಸ್ ಭಾರತಕ್ಕೆ ಬಂದದ್ದು 2017ರಲ್ಲಿ. ಅದರ ಮುಂದಿನ ಪೀಳಿಗೆ 2024ರ ಅಕ್ಟೋಬರ್‌ನಲ್ಲಿ ಬಂತು. ಹೊಸ ಪೀಳಿಗೆ ಬಂದ ದಿನದಿಂದ ಹಳೆಯದು ನೋಡಿದ ಕೂಡಲೇ ಹಳೆಯದೆಂದು ಗೊತ್ತಾಗುತ್ತದೆ. ಐಷಾರಾಮಿ ಕಾರು ಕೊಳ್ಳುವವರಿಗೆ ಆ ನೋಟ ಮುಖ್ಯ, ಹಾಗಾಗಿ ಬೆಲೆ ಒಂದು ಮೆಟ್ಟಿಲು ಇಳಿಯುತ್ತದೆ. ಇನ್ನೊಂದು ವಿಷಯವೂ ಇದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ ಶೇ 40 ಆಯಿತು, ಸೆಸ್ ಹೋಯಿತು. ಅದಕ್ಕೆ ಮೊದಲು ಈ ಗಾತ್ರದ ಸೆಡಾನ್‌ಗಳಿಗೆ ಸೆಸ್ ಸೇರಿ ಶೇ 48 ಇತ್ತು. ತೆರಿಗೆ ಸೇರಿದ ಬೆಲೆಯಲ್ಲಿ ಇದು ಸುಮಾರು ಶೇ 5ರಷ್ಟು ಇಳಿಕೆ. ಹೊಸ ಕಾರು ಅಗ್ಗವಾದಾಗ ಹಳೆಯದೂ ಅಗ್ಗವಾಗಲೇಬೇಕು. ಆದರೆ ಮಾರುವವರು ಅನೇಕರು ಇನ್ನೂ ಹಳೆಯ ಲೆಕ್ಕದಲ್ಲೇ ಬೆಲೆ ಹೇಳುತ್ತಾರೆ. ಈ ಎರಡು ಮಾತುಗಳನ್ನು ದಲ್ಲಾಳಿಯ ಮುಂದೆ ಸಮಾಧಾನವಾಗಿ ಇಡಿ.

ಕಂಪನಿಯ ಹೆಸರಿನಲ್ಲಿರುವುದು ನಿಮಗೆ ಅನುಕೂಲವೇ. ಲೆಕ್ಕಪತ್ರದಲ್ಲಿ ಅಂಥ ಕಾರಿನ ಮೇಲೆ ಪ್ರತಿವರ್ಷ ಸವಕಳಿ ಕಳೆದಿರುತ್ತಾರೆ. ಕೊನೆಯ ಐವತ್ತು ಸಾವಿರಕ್ಕಿಂತ ಕಾಗದಪತ್ರ ಬೇಗ ಮುಗಿಯುವುದು ಅವರಿಗೆ ಮುಖ್ಯ. ಸಾಧ್ಯವಾದರೆ ದಲ್ಲಾಳಿಯನ್ನು ದಾಟಿ ಕಂಪನಿಯ ಲೆಕ್ಕಪತ್ರ ವಿಭಾಗದವರೊಂದಿಗೇ ಮಾತನಾಡಿ. ಮಾರಾಟಕ್ಕೆ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂಬ ಕಂಪನಿಯ ನಿರ್ಣಯದ ಪ್ರತಿಯನ್ನೂ ಕೇಳಿ ಪಡೆಯಿರಿ. ಅದಿಲ್ಲದೆ ಆರ್‌ಟಿಒ ಕಚೇರಿಯಲ್ಲಿ ಕಡತ ನಿಂತುಬಿಡುತ್ತದೆ.

ಈಗ 64 ಸಾವಿರ ಕಿ.ಮೀ. ನಿಜವೇ ಎಂಬುದು. ಮೀಟರ್ ಹಿಂದಕ್ಕೆ ತಿರುಗಿಸುವುದು ಇಂದಿಗೂ ನಡೆಯುತ್ತದೆ. ಡ್ಯಾಶ್‌ಬೋರ್ಡಿನ ಅಂಕಿಯನ್ನು ಬದಲಾಯಿಸಿದರೂ ಕಾರಿನೊಳಗಿನ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ ಹಳೆಯ ಅಂಕಿ ಉಳಿದಿರುವುದುಂಟು. ಒಳ್ಳೆಯ ಸ್ಕ್ಯಾನರ್ ಹಾಕಿದರೆ ಸಿಗುತ್ತದೆ. ಅದಕ್ಕೂ ಸುಲಭವಾದ ದಾರಿ ಅಧಿಕೃತ ಸರ್ವಿಸ್ ಕೇಂದ್ರದ ದಾಖಲೆ. ಈ ಕಾರಿಗೆ 15 ಸಾವಿರ ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಸರ್ವಿಸ್ ಆಗಬೇಕು. ಪ್ರತಿ ಬಿಲ್ಲಿನ ಮೇಲೂ ದಿನಾಂಕ, ಕಿಲೋಮೀಟರ್ ಎರಡೂ ಇರುತ್ತವೆ. ಬಿಲ್ಲುಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಎರಡು ವರ್ಷ ಖಾಲಿ ಕಂಡರೆ ಆ ಖಾಲಿ ಜಾಗದ ಬಗ್ಗೆ ಕೇಳಿ. ನಿಮ್ಮ ಕಣ್ಣನ್ನೂ ನಂಬಿ: ಸ್ಟೀರಿಂಗಿನ ಚರ್ಮ ನುಣುಪಾಗಿ ಹೊಳೆಯುತ್ತಿದೆಯೇ, ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದಿದೆಯೇ, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯೇ? ಈ ಮಾದರಿಯನ್ನು ಬಹುಪಾಲು ಚಾಲಕರನ್ನಿಟ್ಟು ಓಡಿಸಿರುತ್ತಾರೆ. ಆದ್ದರಿಂದ ಹಿಂದಿನ ಸೀಟು ಅಚ್ಚುಕಟ್ಟಾಗಿದೆ ಎಂದು ಮೆಚ್ಚುವ ಬದಲು ಮುಂದಿನ ಸೀಟನ್ನು ನೋಡಿ.

ಬೆಂಗಳೂರಿನ ಕಾರು ಎಂದಮೇಲೆ ನೀರಿನ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟು ಐಷಾರಾಮಿ ಕಾರುಗಳು ಮುಳುಗಿದವು ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಅವುಗಳಲ್ಲಿ ಕೆಲವು ತೊಳೆದು, ಒಣಗಿಸಿ, ಸುಗಂಧ ಹಾಕಿಸಿಕೊಂಡು ಮಾರುಕಟ್ಟೆಗೆ ಬಂದವು. ಮರುವರ್ಷ ಒಬ್ಬರು ತಮಗೆ ಮೆಚ್ಚಿಗೆಯಾದ ಸೆಡಾನ್ ಒಂದನ್ನು ನನ್ನ ಬಳಿ ತಂದಿದ್ದರು. ಬಣ್ಣ, ಎಂಜಿನ್, ಟೆಸ್ಟ್ ಡ್ರೈವ್ ಎಲ್ಲವೂ ಚೆನ್ನಾಗಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಕಂದು ಗೆರೆ ಇತ್ತು. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು. ಮುಂಗಡವಾಗಿ ಕೊಟ್ಟಿದ್ದ ಎರಡು ಲಕ್ಷವನ್ನು ವಾಪಸ್ ಪಡೆಯಲು ಅವರು ಮೂರು ತಿಂಗಳು ಅಲೆದರು. ಇಂಥ ಕಾರಿನಲ್ಲಿ ವೈರಿಂಗ್ ಒಳಗೊಳಗೇ ಹಸಿರುಗಟ್ಟುತ್ತಾ ಹೋಗುತ್ತದೆ, ಒಂದೊಂದು ತಿಂಗಳು ಡ್ಯಾಶ್‌ಬೋರ್ಡಿನಲ್ಲಿ ಒಂದೊಂದು ಎಚ್ಚರಿಕೆಯ ದೀಪ ಉರಿಯುತ್ತದೆ. ಅದನ್ನು ಹತ್ತು ಲಕ್ಷ ಕಡಿಮೆಗೆ ಕೊಟ್ಟರೂ ಬೇಡ. ನೀವೂ ನಾಲ್ಕು ಬೆಲ್ಟುಗಳನ್ನು ಪೂರ್ತಿ ಎಳೆದು ನೋಡಿ, ಡಿಕ್ಕಿಯ ತಳದ ಹಾಸನ್ನು ಎತ್ತಿ ನೋಡಿ, ವಿಮಾ ಕಂಪನಿಯಿಂದ ಕ್ಲೇಮಿನ ವಿವರ ತರಿಸಿಕೊಡಲು ಮಾರುವವರನ್ನು ಕೇಳಿ. ಕಿಟಕಿಯ ಗಾಜುಗಳ ಮೂಲೆಯಲ್ಲಿ ತಯಾರಿಕೆಯ ವರ್ಷದ ಗುರುತು ಇರುತ್ತದೆ. ಐದು ಗಾಜು ಒಂದು ವರ್ಷದ್ದು, ಒಂದು ಮಾತ್ರ ಬೇರೆ ಎಂದಾದರೆ ಆ ಬದಿಗೆ ಪೆಟ್ಟು ಬಿದ್ದಿರಬಹುದು.

ಇದೆಲ್ಲ ಸರಿ ಕಂಡಮೇಲೆ ಮಾತ್ರ ಬೆಲೆಯ ಮಾತು. ಕಾರನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ದು, ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿ, ಬಾಕಿ ಇರುವ ಕೆಲಸದ ಅಂದಾಜು ವೆಚ್ಚವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಕೈಮುಗಿದು ಬನ್ನಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳವಾಗಿರಲಿ, ನಾಲ್ಕೂ ಹೊಸದು ಬೇಕೆಂದೇ ಲೆಕ್ಕ ಹಿಡಿಯಿರಿ. ಈ ಗಾತ್ರದ ಕಾರಿಗೆ ಅದೇ ಒಂದು ಲಕ್ಷದ ಆಸುಪಾಸು. ಬ್ರೇಕ್, ಬ್ಯಾಟರಿ, ಸಸ್ಪೆನ್ಷನ್ನಿನ ಬುಷ್, ಗೇರ್‌ಬಾಕ್ಸ್ ಎಣ್ಣೆ, ಬಾಕಿ ಉಳಿದ ಸರ್ವಿಸ್ ಎಲ್ಲ ಸೇರಿ ಪಟ್ಟಿ ಎರಡು ಲಕ್ಷಕ್ಕೆ ಬಂದರೆ, ಆ ಎರಡು ಲಕ್ಷ ನಿಮ್ಮ ಚೌಕಾಸಿಯಲ್ಲ, ಕಾರಿನದೇ ಸಾಲ. ಅದನ್ನು ಮೊದಲು ಕಳೆಯಿರಿ. ಚೌಕಾಸಿ ಅದರ ನಂತರ ಶುರುವಾಗಬೇಕು. ‘ಕೊನೆಯ ಬೆಲೆ ಎಷ್ಟು’ ಎಂದು ಕೇಳಬೇಡಿ. ಹಾಗೆ ಕೇಳಿದವರಿಗೆ ಎಲ್ಲರೂ ಐವತ್ತು ಸಾವಿರ ಇಳಿಸಿ ಸುಮ್ಮನಾಗುತ್ತಾರೆ. ಪಟ್ಟಿಯನ್ನು ಮೇಜಿನ ಮೇಲಿಟ್ಟು ನಿಮ್ಮ ಅಂಕಿಯನ್ನು ನೀವೇ ಹೇಳಿ.

ನೀವು ಬರೆದಷ್ಟು ವಿವರದ ಮೇಲೆ ನಾನಾದರೆ 24ಕ್ಕೆ ಕೇಳುತ್ತೇನೆ. ದಾಖಲೆ ಪೂರ್ತಿ ಇದ್ದು ಬಾಕಿ ಕೆಲಸ ಕಡಿಮೆಯಿದ್ದರೆ ಇಪ್ಪತ್ತೈದೂವರೆಯವರೆಗೆ ಹೋಗುತ್ತೇನೆ, ಅದರ ಮೇಲೆ ಇಲ್ಲ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳನ್ನೂ ನೋಡಿ. 2017ರ ಕೊನೆಗೆ ತಯಾರಾಗಿ 2018ರಲ್ಲಿ ನೋಂದಣಿಯಾಗಿದ್ದರೆ ಅದು 2017ರ ಕಾರು, ಬೆಲೆಯೂ ಆ ವರ್ಷದ್ದೇ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಉಳಿದ ಎರಡು-ಮೂರು ಲಕ್ಷವನ್ನು ಅಲಂಕಾರಕ್ಕೆ ಖರ್ಚು ಮಾಡದೆ ಬ್ಯಾಂಕಿನಲ್ಲಿ ಕಾರಿನ ಹೆಸರಿಗೇ ಇಡಿ. ದಾವಣಗೆರೆಯಿಂದ ಬೆಂಗಳೂರು ಇನ್ನೂರೈವತ್ತು ಕಿ.ಮೀ.ಗೂ ಹೆಚ್ಚು. ದೊಡ್ಡ ದುರಸ್ತಿ ಬಂದಾಗ ದುಡ್ಡಿಲ್ಲವೆಂದು ಕಾರು ಶೆಡ್ಡಿನಲ್ಲಿ ಧೂಳು ಹಿಡಿದು ನಿಂತರೆ ತಂದೆಯವರಿಗೆ ಆಗುವ ನೋವು ಕಾರು ಇಲ್ಲದಿದ್ದಾಗಿನ ನೋವಿಗಿಂತ ದೊಡ್ಡದು.

ಪ್ರಶ್ನೆ: ಇದೇ ಮಾದರಿಯ, ಇದೇ ವರ್ಷದ ಕಾರು ದೆಹಲಿಯಲ್ಲಿ 21 ಲಕ್ಷಕ್ಕೆ ಸಿಗುತ್ತಿದೆ. ಅದರ ಮೂಲ ಬಿಲ್ 58 ಲಕ್ಷ. ತಂದರೆ ಲಾಭವಲ್ಲವೇ? (ಶಿವಮೊಗ್ಗದ ಓದುಗರು)

ಉತ್ತರ: ದೆಹಲಿಯಲ್ಲಿ ಏಕೆ ಅಗ್ಗ ಎಂಬುದು ಮೊದಲು ತಿಳಿದಿರಲಿ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಕೋರ್ಟ್ ಅದನ್ನು ಸಡಿಲಿಸಿತು, ಆದರೂ ಅಂದು ಅಲ್ಲಿನ ಡೀಸೆಲ್ ಕಾರಿಗೆ ಅಂಟಿಕೊಂಡ ವಯಸ್ಸಿನ ಭಯ ಪೂರ್ತಿ ಹೋಗಿಲ್ಲ. ಏಳೆಂಟು ವರ್ಷವಾಗುವ ಹೊತ್ತಿಗೆ ಮಾಲೀಕರು ಮಾರಲು ಹವಣಿಸುತ್ತಾರೆ. ಮೇಲಾಗಿ ಅಲ್ಲಿನ ರಸ್ತೆ ತೆರಿಗೆ ನಮ್ಮದಕ್ಕಿಂತ ಬಹಳ ಕಡಿಮೆ.

ಆ ಕಡಿಮೆಯಾದದ್ದು ಇಲ್ಲಿ ನಿಮ್ಮ ಮೇಲೆ ಬೀಳುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಒಟ್ಟು ಹತ್ತಿರಹತ್ತಿರ ಶೇ 20. ಹೊರರಾಜ್ಯದ ಹಳೆಯ ಕಾರಿಗೆ ಈ ತೆರಿಗೆಯನ್ನು ಲೆಕ್ಕ ಹಾಕುವುದು ನೀವು ಕೊಟ್ಟ 21 ಲಕ್ಷದ ಮೇಲಲ್ಲ, ಮೂಲ ಬಿಲ್ಲಿನ 58 ಲಕ್ಷದ ಮೇಲೆ. ವಯಸ್ಸಿಗೆ ತಕ್ಕಂತೆ ರಿಯಾಯಿತಿ ಉಂಟು, ಆದರೆ ಕಾರಿನ ಮಾರುಕಟ್ಟೆ ಬೆಲೆ ಕುಸಿಯುವ ವೇಗದಲ್ಲಿ ಆ ತೆರಿಗೆ ಇಳಿಯುವುದಿಲ್ಲ. ನೀವು ಹೇಳಿದ ಕಾರಿಗೆ ಅದು ಆರು ಲಕ್ಷ ದಾಟುತ್ತದೆ. ಲಾರಿ ಬಾಡಿಗೆ, ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ (ಎನ್‌ಒಸಿ), ಎರಡು ಸಲ ದೆಹಲಿಗೆ ಓಡಾಟ ಸೇರಿಸಿ. 21 ಲಕ್ಷದ ಕಾರು 28 ಲಕ್ಷದ್ದಾಯಿತು. ದೆಹಲಿಯಲ್ಲಿ ಕಟ್ಟಿದ ತೆರಿಗೆಯಲ್ಲಿ ಒಂದಷ್ಟು ಮರಳಿ ಬರುತ್ತದೆಂದು ಮಾರುವವರು ಹೇಳಬಹುದು. ಬಂದರೆ ಬರಲಿ, ಆ ಹಣವನ್ನು ಲೆಕ್ಕಕ್ಕೆ ಹಿಡಿದು ಬೆಲೆ ಒಪ್ಪಬೇಡಿ.

ದೆಹಲಿಯ ನಂಬರಿನಲ್ಲೇ ಓಡಿಸಬಹುದು ಎಂಬ ಸಲಹೆಯನ್ನು ಕೇಳಬೇಡಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಲೇಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆಂದು ಇರುವ ಬಿಎಚ್ ಸರಣಿ ನಂಬರಿನ ಕಾರಿನಲ್ಲೂ ಇಂಥದೇ ತೊಡಕು: ಅದರ ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದ್ದು. ಆ ಸರಣಿಗೆ ಅರ್ಹರಲ್ಲದವರು ಕೊಂಡರೆ ಇಲ್ಲಿನ ಜೀವಿತಾವಧಿ ತೆರಿಗೆ ಅವರ ಪಾಲಿಗೆ. ನಿಮ್ಮ ಜಾಗದಲ್ಲಿ ನಾನಿದ್ದರೆ ‘ಕೆಎ’ ನಂಬರಿನ ಕಾರನ್ನೇ ಹುಡುಕುತ್ತೇನೆ.

ಪ್ರಶ್ನೆ: ತಯಾರಕ ಕಂಪನಿಯ ಹಳೆಯ ಕಾರುಗಳ ಶೋರೂಮಿನಲ್ಲಿ ಬಿಎಂಡಬ್ಲ್ಯು 3 ಸರಣಿಯ ಕಾರಿಗೆ ಎರಡು ಲಕ್ಷ ಹೆಚ್ಚು ಹೇಳುತ್ತಾರೆ. ಮಾಲೀಕರಿಂದ ನೇರವಾಗಿ ಕೊಳ್ಳುವುದು ಮೇಲಲ್ಲವೇ? (ಮಂಗಳೂರಿನ ಓದುಗರು)

ಉತ್ತರ: ಆ ಎರಡು ಲಕ್ಷದಲ್ಲಿ ತೆರಿಗೆಯೂ ಸೇರಿದೆ. ನೋಂದಾಯಿತ ವ್ಯಾಪಾರಿ ಹಳೆಯ ಕಾರು ಮಾರಿದಾಗ ತನ್ನ ಲಾಭದ ಅಂತರದ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು. ಮನೆಬಳಕೆಯ ಕಾರನ್ನು ಮಾರುವ ವ್ಯಕ್ತಿಗೆ ಅದಿಲ್ಲ. ಉಳಿದ ಹಣ ವಾರಂಟಿಯದು. ಎಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ಸ್ ಮೂರಕ್ಕೂ ಕನಿಷ್ಠ ಒಂದು ವರ್ಷದ ಲಿಖಿತ ವಾರಂಟಿ ಇದ್ದರೆ ಎರಡು ಲಕ್ಷ ಹೆಚ್ಚು ಕೊಡಲು ನಾನು ಹಿಂಜರಿಯುವುದಿಲ್ಲ. ಗೇರ್‌ಬಾಕ್ಸ್ ಒಂದೇ ಕೆಟ್ಟರೂ ಅಷ್ಟು ಹಣ ಅಲ್ಲೇ ಹೋಗುತ್ತದೆ. ಬರಿಯ ‘ನೂರಾರು ಅಂಶಗಳ ಪರೀಕ್ಷೆ’ಯ ಪ್ರಮಾಣಪತ್ರವಾದರೆ ಕೊಡಬೇಡಿ. ಯಾವುದಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂಬ ಪುಟವನ್ನು ಮುಂಗಡಕ್ಕೆ ಮೊದಲೇ ಓದಿ.

ಬಿಎಂಡಬ್ಲ್ಯುವಿನಲ್ಲಿ ಇನ್ನೊಂದು ನೋಡಬೇಕು. ಗಾಳಿ ಹೋದರೂ ಒಂದಷ್ಟು ದೂರ ಓಡಬಲ್ಲ ರನ್‌ಫ್ಲಾಟ್ ಟೈರ್‌ಗಳಿದ್ದರೆ ಅವು ಸಾಧಾರಣ ಟೈರಿಗಿಂತ ದುಬಾರಿ. ಹಿಂದಿನವರು ಅವನ್ನು ತೆಗೆಸಿ ಸಾಧಾರಣ ಟೈರ್ ಹಾಕಿಸಿದ್ದರೆ, ಪಂಕ್ಚರ್ ಆದಾಗ ಬಳಸಲು ಹೆಚ್ಚುವರಿ ಚಕ್ರ ಕಾರಿನಲ್ಲಿ ಇದೆಯೇ ಎಂದು ಕೇಳಿ. ಶಿರಾಡಿ ಘಾಟಿಯಲ್ಲಿ ರಾತ್ರಿ ಸಿಕ್ಕಿಹಾಕಿಕೊಂಡಾಗ ಆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಮತ್ತು ನಿಮ್ಮ ಓಡಾಟ ದಿನಕ್ಕೆ ನಾಲ್ಕೈದು ಕಿ.ಮೀ. ಊರೊಳಗೆ ಮಾತ್ರವಾದರೆ ಹೊಗೆ ಮಿತಿಯ ಹೊಸ ನಿಯಮವಾದ ಬಿಎಸ್ 6ರ ಡೀಸೆಲ್ ಕಾರು ಬೇಡ, ಪೆಟ್ರೋಲ್ ನೋಡಿ. ಹೊಗೆ ಸೋಸುವ ಡಿಪಿಎಫ್ ತನ್ನನ್ನು ತಾನು ಶುಚಿ ಮಾಡಿಕೊಳ್ಳಲು ಆಗಾಗ ಹೆದ್ದಾರಿಯ ಉದ್ದ ಓಟ ಬೇಕು.

ಪ್ರಶ್ನೆ: ನನ್ನ ಆಡಿ ಎ4 ಮಾರುತ್ತಿದ್ದೇನೆ. ಬೆಲೆ ಒಪ್ಪಿಗೆಯಾಗಿದೆ. ಗಮನಿಸಬೇಕಾದದ್ದು ಏನಾದರೂ ಇದೆಯೇ? (ಉಡುಪಿಯ ಓದುಗರು)

ಉತ್ತರ: ಇದೆ. ಕ್ಲೇಮ್ ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಅಂದರೆ ಎನ್‌ಸಿಬಿ, ನಿಮ್ಮದು, ಕಾರಿನದಲ್ಲ. ಅದು ಶೇ 50ರವರೆಗೆ ಇರುತ್ತದೆ. ಮಾರಿದ ಮೇಲೆ ವಿಮಾ ಕಂಪನಿಯಿಂದ ಅದರ ಪತ್ರ ಪಡೆದು ನಿಮ್ಮ ಮುಂದಿನ ಕಾರಿಗೆ ಬಳಸಿ. ಕೊಳ್ಳುವವರು ‘ವಿಮೆ ಹೀಗೇ ಇರಲಿ’ ಎಂದರೆ ಒಪ್ಪಬೇಡಿ, ವಿಮೆಯೂ ಅವರ ಹೆಸರಿಗೆ ವರ್ಗವಾಗಬೇಕು.

ಅದಕ್ಕಿಂತ ಮುಖ್ಯವಾದದ್ದು ಆರ್‌ಸಿ. ಕಾರು ಕೈಬದಲಾದರೂ ದಾಖಲೆಯಲ್ಲಿ ನಿಮ್ಮ ಹೆಸರೇ ಉಳಿದು ಅಪಘಾತವಾದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟರೆ ಮುಗಿಯಲಿಲ್ಲ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ನೀವೇ ತಿಳಿಸಬೇಕು. ಸಾಲ ತೀರಿಸಿದ್ದರೆ ಬ್ಯಾಂಕಿನ ನಮೂನೆ 35 ತಂದು ಆರ್‌ಸಿಯಲ್ಲಿರುವ ಸಾಲದ ನಮೂದನ್ನು (ಹೈಪೊಥಿಕೇಷನ್) ತೆಗೆಸಿ, ಬಾಕಿ ಸಂಚಾರ ದಂಡ ಕಟ್ಟಿ, ಫಾಸ್ಟ್‌ಟ್ಯಾಗ್ ಮುಚ್ಚಿಸಿ. ಕೀಲಿ ಕೊಡುವಾಗ ದಿನಾಂಕ, ಗಂಟೆ, ಕಿಲೋಮೀಟರ್ ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಿ. ಕೊಳ್ಳುವವರ ಹೆಸರಿನ ಹೊಸ ಆರ್‌ಸಿಯ ಪ್ರತಿ ನಿಮ್ಮ ಮೊಬೈಲಿಗೆ ಬರುವವರೆಗೆ ಆ ಕಾಗದವನ್ನು ಜೋಪಾನವಾಗಿಡಿ.