ಮೊದಲು ಮಂಡಿ ಕೆಳಗಿನ ದಿಂಬು ತೆಗೆಯಿರಿ

ಎಸಿಎಲ್ (ಮಂಡಿಯೊಳಗೆ ತೊಡೆ ಮೂಳೆ, ಕಾಲಿನ ಮೂಳೆ ಎರಡನ್ನೂ ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್) ಸರ್ಜರಿಗೆ ಇನ್ನೂ ಮೂರು ವಾರ ಇದೆ, ಅಲ್ಲಿಯವರೆಗೆ ಕಾಲಿಗೆ ರೆಸ್ಟ್ ಕೊಡಲಾ, ಫಿಸಿಯೋಗೆ ಹೋಗಲಾ, ಆಮೇಲೆ ಎಷ್ಟು ಸೆಷನ್ ಬೇಕು ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಇತ್ತು. ನಾನು ರೆಸ್ಟ್ ಆರಿಸಿಕೊಂಡೆ.

ಆಫೀಸಿನವರ ಜೊತೆ ವಾಲಿಬಾಲ್ ಆಡುತ್ತಿದ್ದೆ. ಎಗರಿ ಇಳಿಯುವಾಗ ಎಡಗಾಲು ತಿರುಚಿತು, ಒಳಗೆ ಟಪ್ ಎಂದಿತು. ಸಂಜೆಗೆ ಮಂಡಿ ಊದಿ ತೆಂಗಿನಕಾಯಿಯಂತಾಯಿತು. ಡಾಕ್ಟರು ಒಂದು ತಿಂಗಳು ಬಿಟ್ಟು ಡೇಟ್ ಕೊಟ್ಟು, ‘ಅಷ್ಟರಲ್ಲಿ ಫಿಸಿಯೋ ಮಾಡಿಸಿ, ಕಾಲು ಪೂರ್ತಿ ನೆಟ್ಟಗಾಗಬೇಕು’ ಎಂದರು. ನನ್ನ ಕಿವಿಗೆ ಬಿದ್ದದ್ದು ಡೇಟ್ ಮಾತ್ರ. ಹರಿದ ಲಿಗಮೆಂಟಿಗೆ ಎಂಥ ವ್ಯಾಯಾಮ, ಹೇಗೂ ಹೊಸದು ಹಾಕುತ್ತಾರಲ್ಲ ಅಂತ ಮಂಚ ಹತ್ತಿದೆ.

ಅಮ್ಮ ಮಂಡಿ ಕೆಳಗೆ ದಿಂಬು ಇಟ್ಟಳು. ನೋವು ಅರ್ಧ ಇಳಿಯಿತು. ಆ ದಿಂಬು ಸರ್ಜರಿಗೆ ಮುಂಚೆ ಒಂದು ತಿಂಗಳು, ಆದ ಮೇಲೆ ಐದು ವಾರ, ಹಗಲು ರಾತ್ರಿ ಅಲ್ಲೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊದಿದ ಮಂಡಿಯನ್ನು ಕೊಂಚ ಮಡಚಿದರೆ ಒಳಗೆ ಜಾಗ ಜಾಸ್ತಿ ಸಿಗುತ್ತದೆ, ಒತ್ತಡ ಇಳಿಯುತ್ತದೆ. ಅದಕ್ಕೇ ದಿಂಬು ಅಷ್ಟು ಹಿತ. ಆದರೆ ಕಾಲು ಮಡಚಿಕೊಂಡೇ ಇದ್ದರೆ ಮಂಡಿಯ ಹಿಂಬದಿ ಹಾಗೇ ಬಿಗಿದುಕೊಳ್ಳುತ್ತದೆ. ಸರ್ಜರಿ ಆದ ಮೇಲೆ ಇನ್ನೂ ಕಷ್ಟ. ಗಾಯ ಮಾಯುವಾಗ ಬೆಳೆಯುವ ಗಟ್ಟಿ ಎಳೆಗಳು ಕೀಲಿನ ಮುಂಭಾಗದಲ್ಲಿ ಅಡ್ಡ ಕೂರಬಹುದು, ಬಾಗಿಲ ಸಂದಿಗೆ ಕಲ್ಲು ಸಿಕ್ಕ ಹಾಗೆ. ಆಗ ಕಾಲು ಪೂರ್ತಿ ಚಾಚುವುದೇ ಇಲ್ಲ. ನೆಟ್ಟಗಾಗದ ಕಾಲಿನಲ್ಲಿ ನಿಂತರೆ ತೊಡೆಗೆ ಬಿಡುವೇ ಇಲ್ಲ. ನನ್ನ ತೊಡೆಯೋ ಆಗಲೇ ಸೊರಗಿ ಅರ್ಧ ಆಗಿತ್ತು.

ತಮಾಷೆ ಅಂದರೆ ನನಗೆ ಮಡಚುವುದರದ್ದೇ ಚಿಂತೆ. ಚಕ್ಕಳಮಕ್ಕಳ ಯಾವಾಗ ಹಾಕಬಹುದು ಅಂತ ಎಲ್ಲರನ್ನೂ ಕೇಳುತ್ತಿದ್ದೆ. ಸರ್ಜರಿ ಆದ ಆರನೇ ವಾರ ಕೊನೆಗೂ ಫಿಸಿಯೋ ಮೇಡಂ ಹತ್ತಿರ ಹೋದೆ. ಅವರು ನನ್ನನ್ನು ಅಂಗಾತ ಮಲಗಿಸಿ ಮಂಡಿ ಕೆಳಗೆ ಕೈ ತೂರಿಸಿದರು. ನಾಲ್ಕು ಬೆರಳು ಸಲೀಸಾಗಿ ಹೋದವು. ‘ದಿಂಬು ಇಟ್ಕೊಳ್ತೀರಾ?’ ಎಂದರು. ಹೇಗೆ ಗೊತ್ತಾಯಿತೋ!

ಆಮೇಲೆ ನಾಲ್ಕು ತಿಂಗಳು ನಡೆದದ್ದು ಅದೊಂದೇ ಕೆಲಸ. ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ತೊಡೆ ಬಿಗಿದು ಮಂಡಿಯನ್ನು ಕೆಳಕ್ಕೆ ಒತ್ತುವುದು. ಬೋರಲು ಮಲಗಿ ಮಂಚದ ತುದಿಯಿಂದ ಕಾಲು ಹೊರಗೆ ಬಿಡುವುದು, ಆಮೇಲಾಮೇಲೆ ಅದಕ್ಕೆ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ನೇತುಹಾಕುವುದು. ಕಣ್ಣಲ್ಲಿ ನೀರು ಬರುತ್ತಿತ್ತು. ಇನ್ನೊಮ್ಮೆ ಒಳಗೆ ಕ್ಯಾಮೆರಾ ಹಾಕಿ ಕೆರೆಯಬೇಕಾಗುತ್ತದೆ ಅಂತ ಡಾಕ್ಟರು ಹೆದರಿಸಿಯೂ ಆಗಿತ್ತು. ಅದೊಂದು ತಪ್ಪಿತು. ತಮ್ಮನ ಮದುವೆಯಲ್ಲಿ ಮಾತ್ರ ಕುಂಟಿಕೊಂಡೇ ಓಡಾಡಿದೆ.

ಹಾಗಾಗಿ ರೆಸ್ಟಾ ಫಿಸಿಯೋನಾ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಾಳೆಯೇ ಹೋಗಿ. ಊತ ಇಳಿಯಬೇಕು, ಕಾಲು ಪೂರ್ತಿ ಚಾಚಬೇಕು, ಚಾಚಿದ ಕಾಲನ್ನು ಹಾಗೇ ಮೇಲೆತ್ತಲು ತೊಡೆಗೆ ಶಕ್ತಿ ಇರಬೇಕು. ಮೂರು ವಾರದ ಕೆಲಸ ಇಷ್ಟೇ. ಚಾಚಲು ಹೋದಾಗ ಒಳಗೆ ಏನೋ ಸಿಕ್ಕಿಕೊಂಡ ಹಾಗೆ ಗಕ್ಕನೆ ನಿಂತರೆ ಒತ್ತಬೇಡಿ, ಡಾಕ್ಟರಿಗೆ ಹೇಳಿ. ಹರಿದ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಸಿಕ್ಕಿಕೊಂಡಿರಬಹುದು. ಮೆನಿಸ್ಕಸ್‌ಗೂ ಹೊಲಿಗೆ ಹಾಕಿದರೆ ಎಷ್ಟು ಮಡಚಬೇಕು, ಎಷ್ಟು ಭಾರ ಬಿಡಬೇಕು ಎಂಬ ಲೆಕ್ಕವೇ ಬೇರೆ. ಆಗ ನನ್ನ ಮಾತು ಬಿಟ್ಟು ಅವರ ಮಾತು ಕೇಳಿ.

ಸೆಷನ್ ಎಣಿಸುವುದೂ ಸುಮ್ನೆ. ಕರೆಂಟ್ ಮಿಷನ್ ಕಟ್ಟಿ ಇಪ್ಪತ್ತು ನಿಮಿಷ ಮಲಗಿಸಿ ಕಳಿಸುವ ಕಡೆ ದುಡ್ಡು ಹಾಕಬೇಡಿ. ವಾರಕ್ಕೆ ಎರಡು ಸಲ ಹೋಗಿ ಕಲಿಯಿರಿ, ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಮಾಡಿ. ಸರ್ಜರಿ ಆಗಿ ಎರಡು ಮೂರು ತಿಂಗಳಿಗೆ ನೋವು ಹೋಗಿ ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಹೊಸ ಲಿಗಮೆಂಟ್ ಆಗ ಇನ್ನೂ ಎಳಸು. 9 ತಿಂಗಳು ತುಂಬುವವರೆಗೆ ಆಟದ ಮಾತೇ ಬೇಡ.

ಇವತ್ತು ರಾತ್ರಿ ಅಂಗಾತ ಮಲಗಿ, ಒಂದೊಂದೇ ಮಂಡಿ ಕೆಳಗೆ ಕೈ ತೂರಿಸಿ ನೋಡಿ. ಆ ಕಾಲಿಗೂ ಈ ಕಾಲಿಗೂ ಎಷ್ಟು ಬೆರಳಿನ ವ್ಯತ್ಯಾಸ ಇದೆ ಅಂತ ನಾಳೆ ಫಿಸಿಯೋಗೆ ಹೇಳಿ.