ಓದುಗರ ಪ್ರಶ್ನೆ: ಹಡಗಿನ ಮೂತಿಯಲ್ಲಿ ಪಟ್ಟಿಗಳು ಏಕೆ ಒಂದರ ಮೇಲೊಂದು ಏರುತ್ತವೆ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ಮಗಳು ಉಡುಗೊರೆಯಾಗಿ ಕೊಟ್ಟ, ಎರಡು ಪಟಗಂಬಗಳ ಮರದ ಹಡಗಿನ ಕಿಟ್ ಜೋಡಿಸುತ್ತಿದ್ದೇನೆ. ಒಡಲಿಗೆ ಪಟ್ಟಿಗಳನ್ನು ಫೆವಿಕಾಲ್ ಹಚ್ಚಿ ಕೂರಿಸುತ್ತ ಬಂದಂತೆ ಮೂತಿಯ ಬಳಿ ಅವು ಒಂದರ ಮೇಲೊಂದು ಏರಿದವು. ಒಣಗಿದ ಮೇಲೆ ನಡುವೆ ಸಂದುಗಳೂ ಬಿಟ್ಟವು. ಇದು ನನ್ನ ಕೈಗೆ ಹತ್ತುವ ವಿದ್ಯೆಯಲ್ಲವೆಂದು ಎಲ್ಲವನ್ನೂ ಅಟ್ಟಕ್ಕೆ ಹಾಕಿದ್ದೇನೆ. ಮುಂದುವರಿಸಬಹುದೇ?
— ಓದುಗರೊಬ್ಬರು, ಜಯನಗರ

ಉತ್ತರ: ದಯವಿಟ್ಟು ಅದನ್ನು ಅಟ್ಟದಿಂದ ಇಳಿಸಿ. ತಾವು ಹೇಳಿದ ಎರಡು ತೊಂದರೆಗಳೂ ಕೈಚಳಕದ ಕೊರತೆಯಿಂದ ಬಂದವಲ್ಲ. ಒಂದು ಲೆಕ್ಕದ್ದು, ಇನ್ನೊಂದು ನೀರಿನದು.

ಮೊದಲು ಲೆಕ್ಕ. ಹಡಗಿನ ಒಡಲು ನಡುವೆ ಉಬ್ಬಿ ಮೂತಿಯ ಕಡೆಗೆ ಕಿರಿದಾಗುವುದರಿಂದ, ಡೆಕ್ಕಿನ ಅಂಚಿನಿಂದ ತಳದ ಬೆನ್ನೆಲುಬಿನಂಥ ಮರವಾದ ಕೀಲ್‌ವರೆಗಿನ ಅಳತೆ ಎಲ್ಲೆಡೆ ಒಂದೇ ಆಗಿರುವುದಿಲ್ಲ. ನಡುವಿನ ಬಲ್ಕ್‌ಹೆಡ್ (ಒಡಲಿಗೆ ಆಕಾರ ಕೊಡುವ ಅಡ್ಡ ಹಲಗೆ) ಮೇಲೆ ಈ ಅಳತೆ 120 ಮಿ.ಮೀ. ಇದ್ದರೆ 5 ಮಿ.ಮೀ. ಅಗಲದ 24 ಪಟ್ಟಿಗಳು ಹಿಡಿಸುತ್ತವೆ. ಮೂತಿಯಲ್ಲಿ ಅದು 72 ಮಿ.ಮೀ.ಗೆ ಇಳಿದಿದ್ದರೆ ಅದೇ 24 ಪಟ್ಟಿಗಳಿಗೆ ತಲಾ 3 ಮಿ.ಮೀ. ಜಾಗವಷ್ಟೇ ಉಳಿಯುತ್ತದೆ. ಆದ್ದರಿಂದ ಅಂಟಿಸುವ ಮೊದಲೇ ಕಾಗದದ ಪಟ್ಟಿಯೊಂದನ್ನು ಪ್ರತಿ ಬಲ್ಕ್‌ಹೆಡ್‌ಗೂ ಸುತ್ತಿ ಅಳೆದು, ಪಟ್ಟಿಯ ತುದಿಯನ್ನು ಚೂಪು ಬ್ಲೇಡಿನಿಂದಲೋ ಸಣ್ಣ ಹತ್ತರಿಯಿಂದಲೋ ಆ ಅಗಲಕ್ಕೆ ಸವರಿಕೊಳ್ಳಬೇಕು. ಅರ್ಧಕ್ಕಿಂತ ಕಿರಿದು ಮಾಡಬೇಡಿ. ಹಾಗಾಗುವ ಕಡೆ ಎರಡು ಪಟ್ಟಿಗಳನ್ನು ಒಂದರಲ್ಲಿ ಮುಗಿಸಿಬಿಡುವುದು ಹಡಗು ಕಟ್ಟುವವರ ಹಳೆಯ ರೂಢಿ. ಹಿಂಭಾಗದಲ್ಲಿ ಜಾಗ ಹೆಚ್ಚಾದರೆ ಬೆಣೆಯಾಕಾರದ ತುಂಡನ್ನು ಸೇರಿಸಿ. ಎಡಕ್ಕೊಂದು ಬಲಕ್ಕೊಂದು ಎಂಬಂತೆ ಅಂಟಿಸುತ್ತ ಹೋಗದಿದ್ದರೆ ಕೀಲ್ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಅದನ್ನು ಆಮೇಲೆ ನೇರ ಮಾಡುವುದು ಬಹಳ ಕಷ್ಟ.

ಇನ್ನು ಸಂದುಗಳು. ಬಾಗಿಸಲು ನೆನೆಸಿದ ಪಟ್ಟಿ ಅಗಲದಲ್ಲಿ ಉಬ್ಬುತ್ತದೆ. ಹಸಿಯಾಗಿಯೇ ಅಂಟಿಸಿದರೆ ಒಣಗುವಾಗ ಕುಗ್ಗಿ ಪಕ್ಕದ್ದರಿಂದ ದೂರ ಸರಿಯುತ್ತದೆ. ಮಾರ್ಚ್–ಏಪ್ರಿಲ್‌ನ ಬೆಂಗಳೂರಿನ ಒಣಹವೆಯಲ್ಲಂತೂ ಇದು ಬೇಗ ಕಾಣುತ್ತದೆ. ನೆನೆಸಿದ ಪಟ್ಟಿಯನ್ನು ಬಟ್ಟೆ ಕ್ಲಿಪ್ಪುಗಳಿಂದ ಒಡಲಿಗೇ ಬಿಗಿದು ರಾತ್ರಿಯಿಡೀ ಒಣಗಲು ಬಿಟ್ಟು, ಮರುದಿನ ಅಂಟು ಹಚ್ಚಿ.

ಈಗಾಗಲೇ ಅಂಟಿಸಿದ್ದನ್ನು ಕಿತ್ತೆಸೆಯುವ ಅಗತ್ಯವಿಲ್ಲ. ತಮ್ಮದು ಎರಡು ಪದರಗಳ ಕಿಟ್ ಆಗಿದ್ದರೆ ಮೊದಲ ಪದರ ಹೇಗಿದ್ದರೂ ಮುಚ್ಚಿಹೋಗುತ್ತದೆ: ಸಂದುಗಳಿಗೆ ಮರದ ಹುಡಿ ಬೆರೆಸಿದ ಫೆವಿಕಾಲ್ ತುಂಬಿ, ಒಣಗಿದ ಮೇಲೆ 120ರ, ಆಮೇಲೆ 240ರ ಉಪ್ಪುಕಾಗದದಿಂದ ಉಜ್ಜಿ ನಯಮಾಡಿದರೆ ಸಾಕು. ತೀರಾ ಏರಿ ಕುಳಿತ ಪಟ್ಟಿಗಳನ್ನು ಮಾತ್ರ ಬಿಡಿಸಬೇಕಾಗಬಹುದು. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಒರೆಸಲು ಮಾರುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಕುಂಚದಿಂದ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಬಿಳಿ ಅಂಟು ಮೆತ್ತಗಾಗುತ್ತದೆ; ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ ಬೇಡ.

ಪ್ರಶ್ನೆ: ವಿದೇಶಿ ಕಿಟ್ ಕೊಳ್ಳುವಷ್ಟು ಹಣವಿಲ್ಲ. ಇಲ್ಲಿನ ಮರದಿಂದಲೇ ಮಾದರಿ ಕಟ್ಟಬಹುದೇ?
— ಕಾಲೇಜು ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಖಂಡಿತ. ಆದರೆ ತೇಗದ ಮೇಲೆ ಮೋಹ ಬೇಡ. ನಿಜವಾದ ಹಡಗಿಗೆ ಅದು ಶ್ರೇಷ್ಠವೇ; 1817ರಲ್ಲಿ ಬೊಂಬಾಯಿಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. ಮಾದರಿಯಲ್ಲಿ ಮಾತ್ರ ತೇಗದ ದಪ್ಪ ಎಳೆಗಳು ಅಳತೆಗೆ ಒಗ್ಗದೆ ಎದ್ದು ಕಾಣುತ್ತವೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಬಿಳುಪಾಗಿ, ನಯವಾದ ಎಳೆಯದಾಗಿ, ಕಡೆಯಲು ಹದವಾಗಿರುತ್ತದೆ. ಪೀಪಾಯಿ, ಪಟಗಂಬಗಳಂಥ ದುಂಡು ಭಾಗಗಳನ್ನು ಅಲ್ಲಿನ ಕುಶಲಕರ್ಮಿಗಳಿಂದಲೇ ಕಡೆಸಿಕೊಳ್ಳಬಹುದು.

ಮೊದಲ ಮಾದರಿಗೆ ನೂರು ತೋಪುಗಳ ಯುದ್ಧನೌಕೆಯನ್ನು ಆರಿಸಬೇಡಿ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯವನ್ನು ಗಮನಿಸಿ. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ತೋಪುಗಳಿಲ್ಲ, ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಸೂಜಿ ದಾರ ಹಿಡಿಯಬಲ್ಲವರಿಗೆ ಈ ಹೊಲಿಗೆಯೇ ಮಾದರಿಯ ಅತ್ಯಂತ ಸೊಗಸಾದ ಭಾಗವಾಗುತ್ತದೆ.

ಪ್ರಶ್ನೆ: ಹಗ್ಗಗಳಿಗೆ ಬಳಸುವ ದಾರದಲ್ಲಿ ಜುಂಗು ಏಳುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಹತ್ತಿ ದಾರದ ಬದಲು ಪಾಲಿಯೆಸ್ಟರ್ ದಾರ ತೆಗೆದುಕೊಂಡು, ಜೇನುಮೇಣದ ಉಂಡೆಯ ಮೇಲೆ ಎರಡು ಮೂರು ಬಾರಿ ಎಳೆಯಿರಿ. ಏಣಿಯಂಥ ಹಗ್ಗಗಳನ್ನು ಕಟ್ಟುವಾಗ ಹಿಂದೆ ಗೆರೆ ಎಳೆದ ರಟ್ಟನ್ನು ಇಟ್ಟರೆ ಅಂತರ ಸಮವಾಗಿ ಬರುತ್ತದೆ. ಗಂಟುಗಳನ್ನು ತೀರಾ ಜಗ್ಗಬೇಡಿ, ಉದ್ದ ಹಗ್ಗಗಳು ನಡುವೆ ಒಳಕ್ಕೆ ಸೆಳೆದುಕೊಳ್ಳುತ್ತವೆ.